ಪುನರ್ಪುಳಿ ನೆನೆಯುವ ಹೊತ್ತು

ಬೇಸಿಗೆ ಬಂತೆಂದರೆ ಕರಾವಳಿಯ ಮನೆಗಳಲ್ಲಿ ಪುನರ್ಪುಳಿ ಹಣ್ಣಿನ ಒಣಗಿದ ಸಿಪ್ಪೆಯನ್ನು ನೀರಿಗೆ ಹಾಕಿಡುತ್ತಾರೆ. ಉತ್ತರ ಕನ್ನಡದವರಿಗೆ ಇದೇ ಮುರುಗಲು. ಕಪ್ಪಗೆ ಮುದುಡಿದ ಸಿಪ್ಪೆ ಮೊದಲು ಸುಮ್ಮನೆ ಬಿದ್ದಿರುತ್ತದೆ. ಆಮೇಲೆ ಅದರ ಅಂಚಿನಿಂದ ಕೆಂಪು ಎಳೆಎಳೆಯಾಗಿ ಬಿಟ್ಟುಕೊಳ್ಳುತ್ತದೆ. ನೋಡುತ್ತಿದ್ದಂತೆ ಪಾತ್ರೆಯೆಲ್ಲ ಕಡುಗೆಂಪು. ಆ ಬಣ್ಣ ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಅದೂ, ಹಣ್ಣಿನ ಹುಳಿಯೂ ನೀರಿನಲ್ಲಿ ತಾವಾಗಿಯೇ ಕರಗುವಂಥವು. ಬಿಸಿನೀರಿಗೆ ಬೇಗ ಬಿಡುತ್ತವೆ, ನಿಜ. ಆದರೆ ಬಹಳ ಹೊತ್ತು ಕುದಿಸಿದರೆ ಆ ಚಂದದ ಬಣ್ಣವೇ ಮಂಕಾಗುತ್ತದೆ. ಹಾಗಾಗಿ ಅವಸರ ಬೇಡ, ಕಾಯೋಣ. ಈಗ ಬಾಟಲಿಯಲ್ಲಿ ಸಿರಪ್ಪೂ ಸಿಗುತ್ತದೆ. ನನಗೆ ಮಾತ್ರ ಈ ನೆನೆದ ನೀರೇ ಇಷ್ಟ, ಇದರಲ್ಲಿ ಸಕ್ಕರೆಗಿಂತ ಹಣ್ಣು ಮುಂದಿರುತ್ತದೆ. ಕೈಯಿಂದ ಕಿವುಚಿ, ಸೋಸಿ, ಬೆಲ್ಲ, ಏಲಕ್ಕಿ ಬೆರೆಸಿ ಕುಡಿಯಿರಿ. ಉಳಿದ ಸಿಪ್ಪೆ ಎಸೆಯಬೇಡಿ; ಮಧ್ಯಾಹ್ನದ ಸಾರಿಗೆ ಸಾಕಾಗುವಷ್ಟು ಹುಳಿ ಅದರಲ್ಲಿ ಇನ್ನೂ ಇರುತ್ತದೆ.