ಸಂಬಳದ ಚೀಟಿ ಓದೋದನ್ನ ಕಲೀಬೇಕು

(ಟಿನ್ ಫ್ಯಾಕ್ಟರಿ ಹತ್ತಿರ ಹಾಸ್ಟೆಲ್ ಗೆಳೆಯರ ಭಾನುವಾರದ ಕೂಟದಲ್ಲಿ ಆಡಿದ ಮಾತು)



ಬೆಳಗ್ಗೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿಯುವಾಗ ನಾವೆಲ್ಲ ನೋಡಿರುತ್ತೇವೆ. ಹಳೇ ಮದ್ರಾಸ್ ರಸ್ತೆಯ ಬದಿ, ಬಸ್ಸುಗಳ ಹೊಗೆಯಲ್ಲೇ, ಪೊರಕೆ ಹಿಡಿದ ನಮ್ಮ ಅಕ್ಕಂದಿರು, ಅವ್ವಂದಿರು. ಗುತ್ತಿಗೆದಾರನ ಕೈಕೆಳಗಿದ್ದಾಗ ಹದಿನೆಂಟು ವರ್ಷ ಗುಡಿಸಿದ ಅವ್ವನಿಗೂ ನಿನ್ನೆ ಬಂದ ಹುಡುಗಿಗೂ ಒಂದೇ ಕೂಲಿ. ಕನಿಷ್ಠ ಕೂಲಿ ಏರಿದರೆ ಇಬ್ಬರಿಗೂ ಏರುತ್ತೆ. ಆಕೆ ಸವೆಸಿದ ವರ್ಷಗಳಿಗೆ ಮಾತ್ರ ಬೆಲೆ ಇಲ್ಲ. ಕೂಲಿಗೂ ಸಂಬಳಕ್ಕೂ ಇರೋ ವ್ಯತ್ಯಾಸ ಇದೇ. ಸಂಬಳದಲ್ಲಿ ಕಳೆದ ವರ್ಷಕ್ಕೆ ಲೆಕ್ಕ ಇದೆ. ಆ ಲೆಕ್ಕದ ಹೆಸರು ಇನ್‌ಕ್ರಿಮೆಂಟ್. ಸರ್ಕಾರಿ ಕಾಗದದಲ್ಲಿ ವಾರ್ಷಿಕ ವೇತನ ಬಡ್ತಿ.

ಪೌರಕಾರ್ಮಿಕರ ಬದುಕಿನ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ ವರದಿ ಕೊಟ್ಟದ್ದು 1976ರಲ್ಲಿ. ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿದ್ದು 2025ರ ಮೇ 1ರಂದು. ನಡುವೆ ಎಷ್ಟು ಅವ್ವಂದಿರು ಒಂದೇ ಒಂದು ಇನ್‌ಕ್ರಿಮೆಂಟ್ ಕಾಣದೆ ಪೊರಕೆ ಕೆಳಗಿಟ್ಟು ಹೋದರು ಅಂತ ಯಾವ ಕಡತದಲ್ಲೂ ಸಿಗೋದಿಲ್ಲ.

ಕೋರ್ಟಿಗೂ ಹೋಗಿದ್ದಾಗಿದೆ. 2016ರಲ್ಲಿ ಜಗಜಿತ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕಾಯಂ ನೌಕರನ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರನಿಗೆ ಆ ವೇತನ ಶ್ರೇಣಿಯ ತಳಮಟ್ಟ ಕೊಡಬೇಕು ಅಂದಿತು. ತಳಮಟ್ಟ ಮಾತ್ರ. ಮೇಲಿನ ಮೆಟ್ಟಿಲು ಹತ್ತೋ ಹಕ್ಕು ಸಿಗಲಿಲ್ಲ.

ಈಗ ಮೆಟ್ಟಿಲು ಹೇಗಿದೆ ನೋಡೋಣ. ಲೆಕ್ಕ ಅಂದ್ರೆ ನಮ್ಮ ಹುಡುಗರು ಮುಖ ತಿರುಗಿಸ್ತಾರೆ, ಸ್ವಲ್ಪ ತಡೀರಿ. ರಾಜ್ಯ ಸರ್ಕಾರಿ ನೌಕರನ ಅತಿ ಕಡಿಮೆ ಮೂಲ ವೇತನ 17,000 ಇತ್ತು. ಮೊದಮೊದಲು ವರ್ಷಕ್ಕೆ 400 ಏರುತ್ತಿತ್ತು. 2023ರ ಮಾರ್ಚ್ 1ರಂದು ನೌಕರರು ಮುಷ್ಕರಕ್ಕಿಳಿದರು. ಅದೇ ದಿನ ಸರ್ಕಾರ 17 ಪರ್ಸೆಂಟ್ ಮಧ್ಯಂತರ ಪರಿಹಾರ ಘೋಷಿಸಿತು. ಕೇಳಿದ್ದಕ್ಕೆ ಸಿಕ್ಕಿತು, ಇದು ನೆನಪಿರಲಿ. ಆಮೇಲೆ ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ವೇತನ ಆಯೋಗ 2024ರ ಮಾರ್ಚಿನಲ್ಲಿ ವರದಿ ಕೊಟ್ಟಿತು, ಆಗಸ್ಟ್ 1ರಿಂದ ಹೊಸ ಸಂಬಳ ಕೈಗೆ ಬಂತು. ಲೆಕ್ಕ ಹಾಕಿದ್ದು 2022ರ ಜುಲೈ 1ಕ್ಕೆ. ಮೂಲ ವೇತನ 17,000, ಅಂದಿನ ತುಟ್ಟಿ ಭತ್ಯೆ 31 ಪರ್ಸೆಂಟ್, 5,270, ಆಯೋಗದ 27.5 ಪರ್ಸೆಂಟ್, 4,675. ಒಟ್ಟು 26,945. ಮುಂದಿನ ಮೆಟ್ಟಿಲು 27,000. ಅಲ್ಲಿಂದ ಇನ್‌ಕ್ರಿಮೆಂಟ್ 650.

ಪೇಪರಿನವರು ಎಲ್ಲರಿಗೂ 27.5 ಅಂತ ಬರೆದರು. ಹೌದು, ಎಲ್ಲರಿಗೂ. ಕಸ ಗುಡಿಸೋ, ಕಡತ ಹೊರೋ ಡಿ ದರ್ಜೆಯ ಮನುಷ್ಯನಿಗೆ ಅದು 4,675 ರೂಪಾಯಿ. ತುತ್ತತುದಿಯಲ್ಲಿ 1,50,600 ಪಡೆಯುತ್ತಿದ್ದವರಿಗೆ 41,415. ಪರ್ಸೆಂಟು ಸಮಾನ, ಚೀಲ ಸಮಾನ ಅಲ್ಲ. ನಮ್ಮವರು ಮೆಟ್ಟಿಲಿನ ಯಾವ ತುದೀಲಿ ಕೂತಿದಾರೆ ಅಂತ ನಾವು ಹೇಳಬೇಕಾ?

ಇನ್ನು ನಿಮಗೇ ತಾಗೋ ಮಾತು. ನಾಳೆ ನಿಮ್ಮಲ್ಲಿ ಯಾರೋ ಎಸ್.ಡಿ.ಎ. ಆಗ್ತೀರಿ, ಇನ್ಯಾರೋ ಮೇಷ್ಟ್ರಾಗ್ತೀರಿ. ಆರ್ಡರು ಕೈಗೆ ಬಂದ ದಿನ ಊರಲ್ಲಿ ಸಿಹಿ ಹಂಚ್ತಾರೆ. ಅಲ್ಲಿಗೆ ಗೆದ್ದೆವು ಅಂದ್ಕೋಬೇಡಿ. 1977ರ ಪ್ರೊಬೇಷನ್ ನಿಯಮ ಹೀಗಿದೆ: ಪ್ರೊಬೇಷನ್ ಅವಧಿಯೊಳಗೆ ಬರೋ ಇನ್‌ಕ್ರಿಮೆಂಟ್ ಸಿಗುತ್ತೆ. ಅವಧಿ ಮುಗಿದ ಮೇಲೆ, ತೃಪ್ತಿಕರವಾಗಿ ಮುಗಿಸಿದ್ದಾನೆ ಅಂತ ಮೇಲಧಿಕಾರಿ ಘೋಷಿಸೋವರೆಗೆ ಮುಂದಿನದು ಸಿಗೋದಿಲ್ಲ.

ನಮ್ಮ ಗೆಳೆಯನೊಬ್ಬ, ಹೆಸರು ಬೇಡ, ಕಚೇರಿಯ ಹೆಸರೂ ಬೇಡ. ಇಲಾಖಾ ಪರೀಕ್ಷೆ ಪಾಸು ಮಾಡಿದ್ದ, ಎರಡು ವರ್ಷ ಮುಗಿಸಿದ್ದ. ಕಡತ ಮಾತ್ರ ಮೇಜಿನಿಂದ ಏಳಲಿಲ್ಲ. ಜೊತೆಗೆ ಸೇರಿದವರೆಲ್ಲ ಒಂದು ಮೆಟ್ಟಿಲು ಹತ್ತಿದರು. ಕೊನೆಗೆ ಅಂಜುತ್ತಾ ಕೇಳಿದರೆ, ‘ನಿಮ್ಮವರಿಗೆ ಕೆಲಸ ಸಿಕ್ಕಿದ್ದೇ ಹೆಚ್ಚಲ್ಲವೇನಯ್ಯ’ ಅಂದರಂತೆ. ಬಾವಿಯ ಹತ್ತಿರ ಬರಬೇಡ ಅಂತ ಈಗ ಬಾಯಿಬಿಟ್ಟು ಹೇಳಲ್ಲ. ಹೀಗೆ ಒಂದು ರುಜು ಹಾಕದೆ ಸುಮ್ಮನಿರ್ತಾರೆ. ಅವನೂ ಸುಮ್ಮನಿದ್ದ, ಹದಿನಾಲ್ಕು ತಿಂಗಳು. ನಮಗೆ ಸಿಟ್ಟು ಬಂದದ್ದು ಅವನ ಆ ಮೌನದ ಮೇಲೂ ಹೌದು.

ಇನ್ನೊಂದು ಆಯುಧ ಇದೆ. 1957ರ ಶಿಸ್ತು ನಿಯಮದಲ್ಲಿ ಇನ್‌ಕ್ರಿಮೆಂಟ್ ತಡೆಹಿಡಿಯೋದೂ ಒಂದು ದಂಡನೆ. ಸಂಚಿತ ಪರಿಣಾಮವಿಲ್ಲದೆ ತಡೆದರೆ ಸ್ವಲ್ಪ ಕಾಲದ ನಷ್ಟ, ಆಮೇಲೆ ಜಾಗಕ್ಕೆ ಬರ್ತೀರಿ. ಸಂಚಿತ ಪರಿಣಾಮ ಅಂತ ಎರಡು ಪದ ಸೇರಿಸಿದರೆ ಸರ್ವೀಸು ಮುಗಿಯೋವರೆಗೂ ಒಂದು ಮೆಟ್ಟಿಲು ಕೆಳಗೇ. ಅದು ಬರೀ 400 ಅಲ್ಲ. ತುಟ್ಟಿ ಭತ್ಯೆ, ಮನೆ ಬಾಡಿಗೆ ಭತ್ಯೆ ಎಲ್ಲ ಮೂಲ ವೇತನದ ಮೇಲೇ. ವೇತನ ಆಯೋಗ ಬಂದಾಗ 17,400 ಇದ್ದವನು 27,650ಕ್ಕೆ ನಿಂತ. ಅದೇ 400 ಕಳೆದುಕೊಂಡು 17,000ದಲ್ಲಿ ಉಳಿದವನು 27,000ಕ್ಕೆ. ಕೊರತೆ 650 ಆಯ್ತು. ಗಾಯವೂ ಇನ್‌ಕ್ರಿಮೆಂಟ್ ತಗೊಂಡು ಬೆಳೆಯುತ್ತೆ, ಕಂಡಿರಾ. ಅದಕ್ಕೇ ಸರಿಯಾದ ವಿಚಾರಣೆ ಇಲ್ಲದೆ ಸಂಚಿತ ಪರಿಣಾಮದ ದಂಡನೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದೆ. ನೋಟೀಸು ಬಂದರೆ ಹೆದರಿ ತಪ್ಪಾಯ್ತು ಅಂತ ಬರೆದುಕೊಡಬೇಡಿ. ಮೊದಲು ನಮ್ಮ ಹತ್ತಿರ ತನ್ನಿ.

ಮುಂಬಡ್ತಿ ಬೇರೆ ಸಂಗತಿ, ಇನ್ನೊಂದು ದಿನ ಮಾತಾಡಬೇಕಾದ್ದು. ಇಷ್ಟು ತಿಳ್ಕೊಂಡಿರಿ: 1978ರ ಏಪ್ರಿಲ್ 27ರ ಆದೇಶದಿಂದ ಬಂದ ಮುಂಬಡ್ತಿ ಮೀಸಲಾತಿಯ ಜ್ಯೇಷ್ಠತೆ 2017ರ ಪವಿತ್ರ ತೀರ್ಪಿನಲ್ಲಿ ಪೆಟ್ಟು ತಿಂತು. ಎಷ್ಟೋ ಜನರಿಗೆ ಹಿಂಬಡ್ತಿಯ ಭಯ ಹುಟ್ಟಿತು. ರಾಜ್ಯ ಹೊಸ ಕಾಯ್ದೆ ತಂತು, 2019ರ ಮೇ 10ರಂದು ಸುಪ್ರೀಂ ಕೋರ್ಟು ಅದನ್ನ ಎತ್ತಿಹಿಡಿಯಿತು.

ಮುಂದಿನ ಭಾನುವಾರ ಕೆಲಸದಲ್ಲಿರೋ ಅಣ್ಣಂದಿರು, ಅಕ್ಕಂದಿರು ನಿಮ್ಮ ನಿಮ್ಮ ಸಂಬಳದ ಚೀಟಿ ತನ್ನಿ. ಸೇವಾ ಪುಸ್ತಕದ ಜೆರಾಕ್ಸ್ ಇದ್ದರೆ ಅದೂ ಇರಲಿ. ಹಾಸ್ಟೆಲ್ ಹುಡುಗರು ಪೆನ್ನು ಹಿಡಿದು ಒಂದೊಂದು ಸಾಲೂ ಕೂಡಿಸಿ ನೋಡಲಿ. ಟಿನ್ ಫ್ಯಾಕ್ಟರಿ ಸ್ಟಾಪಿನ ಅವ್ವಂದಿರ ಹೊಸ ಚೀಟಿಗಳನ್ನೂ ಕೇಳಿಕೊಂಡು ಬರೋಣ. ಅವರ ಮೊದಲ ಇನ್‌ಕ್ರಿಮೆಂಟ್ ಸೇರಿದೆಯೋ ಇಲ್ಲವೋ ಅಂತ ಮೊದಲು ಅದನ್ನೇ ನೋಡಬೇಕು.