ದಾರಿಗೆ ಕೊಡುವ ಹೊತ್ತು, ಮನೆಗೆ ಉಳಿಯುವ ಹೊತ್ತು

(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಕ್ರಿಸ್ತಜಯಂತಿಯ ಗೋದಲಿ ಇನ್ನೂ ನಮ್ಮ ಮನೆಗಳಲ್ಲಿ ಇರುವಾಗಲೇ ಧರ್ಮಸಭೆ ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತದೆ. ಸಂತ ಮತ್ತಾಯರ ಶುಭಸಂದೇಶದಲ್ಲಿ ಈ ಕುಟುಂಬ ಎರಡು ಬಾರಿ ಗಂಟುಮೂಟೆ ಕಟ್ಟುವುದನ್ನು ನಾವು ಕಾಣುತ್ತೇವೆ. ಮಗುವಿನ ಪ್ರಾಣಕ್ಕೆ ಅಪಾಯ ಬಂದಾಗ ಸಂತ ಜೋಸೆಫರು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟರು. ಹೆರೋದನು ಸತ್ತ ಮೇಲೆ ಹಿಂದಿರುಗಿದರು. ಆದರೆ ಜುದೇಯದಲ್ಲಿ ಅವನ ಮಗ ಅರ್ಖೆಲಾಯ ಆಳುತ್ತಿದ್ದಾನೆಂದು ಕೇಳಿ, ಗಲಿಲೇಯದ ನಜರೇತ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು. ಎಲ್ಲಿ ವಾಸ ಮಾಡಬೇಕು ಎಂಬ ಚಿಂತೆ ಆ ಕುಟುಂಬಕ್ಕೂ ಇತ್ತು. ಪ್ರತಿ ಸಲವೂ ಜೋಸೆಫರು ಮಗುವನ್ನು ಮುಂದಿಟ್ಟುಕೊಂಡೇ ತೀರ್ಮಾನ ಮಾಡಿದರು.

ಜೋಸೆಫರು ಬಡಗಿ. ನಜರೇತಿನಿಂದ ಸುಮಾರು 6 ಕಿಲೋಮೀಟರ್ ದೂರದ ಸೆಪ್ಪೋರಿಸ್ ನಗರವನ್ನು ಯೇಸುಸ್ವಾಮಿಯ ಬಾಲ್ಯದ ದಿನಗಳಲ್ಲಿ ಹೆರೋದ ಅಂತಿಪ ಮತ್ತೆ ಕಟ್ಟಿಸುತ್ತಿದ್ದ. ಜೋಸೆಫರು ಅಲ್ಲಿಗೂ ಕೆಲಸಕ್ಕೆ ಹೋಗಿ ಬರುತ್ತಿದ್ದಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಪವಿತ್ರ ಗ್ರಂಥ ಅದನ್ನು ಹೇಳುವುದಿಲ್ಲ. ಹೋಗಿದ್ದರೂ ಅದು ಹೊತ್ತು ಮುಳುಗುವುದರೊಳಗೆ ಮನೆ ಸೇರಬಹುದಾದ ನಡಿಗೆ.

ನಮ್ಮವರ ನಡಿಗೆ ಎಷ್ಟು ದೂರ? ಚಿನಕುರಳಿಯ ಕಡೆಯಿಂದ ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯ ಕಾರ್ಖಾನೆಗಳಿಗೆ ಹೋಗುವವರಿದ್ದಾರೆ. ಪಾಂಡವಪುರದಲ್ಲಿ ರೈಲು ಹತ್ತಿ ನೂರು ಕಿಲೋಮೀಟರಿಗೂ ಆಚೆಯ ಬೆಂಗಳೂರಿಗೆ ಹೋಗುವವರಿದ್ದಾರೆ. ಕೆ.ಆರ್. ಪೇಟೆ, ನಾಗಮಂಗಲದವರು ಕತ್ತಲಿರುವಾಗಲೇ ಬಸ್ಸು ಕಾಯುತ್ತಾರೆ. ಇವರಲ್ಲಿ ಎಲ್ಲರೂ ಇಷ್ಟಪಟ್ಟು ದೂರ ಹೋದವರಲ್ಲ. 2020ರಲ್ಲಿ ಶ್ರೀರಂಗಪಟ್ಟಣದ ದೊಡ್ಡದೊಂದು ಗಾರ್ಮೆಂಟ್ಸ್ ಕಾರ್ಖಾನೆ ಮುಚ್ಚಿದಾಗ ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಹತ್ತಿರದ ಕೆಲಸ ಹೋದರೆ ದೂರದ ಕೆಲಸ ಹುಡುಕಲೇಬೇಕಲ್ಲವೇ?

ಸೌಕರ್ಯಗಳು ಹೆಚ್ಚಿವೆ, ಅದಕ್ಕಾಗಿ ದೇವರಿಗೆ ಸ್ತೋತ್ರ. ಜೋಡಿ ರೈಲು ಹಳಿಗೆ ದಾರಿ ಬಿಡಲು ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಯನ್ನೇ 2017ರಲ್ಲಿ ಸರಿಸಿದರು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಮೂರು ಗಂಟೆಯ ದಾರಿ 75 ನಿಮಿಷಕ್ಕೆ ಇಳಿಯುತ್ತದೆ ಎಂದು ಆಗ ಹೇಳಿದರು. ಆದರೆ ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ಬೈಕಿನವನು ಪಕ್ಕದ ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಉಚಿತವಾಯಿತು. ಬಡ ಮನೆಗೆ ಇದು ದೊಡ್ಡ ಆಸರೆ. ಆದರೆ ಬಸ್ಸಿನಲ್ಲಿ ಕಳೆದ ಹೊತ್ತನ್ನು ಯಾವ ಯೋಜನೆಯೂ ಹಿಂದಕ್ಕೆ ಕೊಡಲಾರದು.

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ತಂದೆ ಬೆಂಗಳೂರಿಗೆ ಹೋಗಿ ಬರಲು ದಿನಕ್ಕೆ 6 ಗಂಟೆ ಬೇಕು. ತಿಂಗಳಿಗೆ 25 ದಿನ ದುಡಿದರೆ 150 ಗಂಟೆ. ವರ್ಷಕ್ಕೆ 1,800 ಗಂಟೆ, ಅಂದರೆ 75 ಹಗಲು, 75 ರಾತ್ರಿ. ನಮ್ಮ ತಪಸ್ಸುಕಾಲ 40 ದಿನ. ಈತ ವರ್ಷವರ್ಷವೂ ಹೆಚ್ಚುಕಡಿಮೆ ಎರಡು ತಪಸ್ಸುಕಾಲವನ್ನು ದಾರಿಯಲ್ಲೇ ಕಳೆಯುತ್ತಾನೆ. ಆತ ಹೊರಡುವಾಗ ಮಗು ನಿದ್ದೆಯಲ್ಲಿರುತ್ತದೆ, ಬರುವಾಗಲೂ ನಿದ್ದೆಯಲ್ಲಿರುತ್ತದೆ. ಬುತ್ತಿ ಕಟ್ಟಲು ನಾಲ್ಕು ಗಂಟೆಗೇ ಏಳುವ ತಾಯಿಯ ನಿದ್ದೆಯೂ ಈ ಲೆಕ್ಕಕ್ಕೆ ಸೇರಬೇಕು.

ಹಾಗಾದರೆ ಬೆಂಗಳೂರಿನಲ್ಲೇ ಮನೆ ಮಾಡಬಾರದೇ ಎಂದು ಕೇಳುವುದು ಸುಲಭ. ಅಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ವಾಡಿಕೆ ಉಂಟು. ತಿಂಗಳಿಗೆ 12,000 ರೂಪಾಯಿ ಬಾಡಿಗೆಯಾದರೆ ಬೀಗದ ಕೈ ಪಡೆಯಲು 1,20,000 ಬೇಕು. ಊರಿನಲ್ಲಿ ಸ್ವಂತ ಸೂರಿದೆ, ಹಿತ್ತಲಿನ ತೆಂಗಿದೆ, ಮನೆಯ ರಾಗಿ ಇದೆ, ಡೈರಿಗೆ ಹಾಕುವ ಹಾಲಿದೆ. ಮೊಮ್ಮಕ್ಕಳಿಗೆ ಜಪಸರ ಕಲಿಸುವ ಅಜ್ಜಿ ಇದ್ದಾಳೆ. ಅವಳನ್ನು ಒಂದೇ ಕೋಣೆಯ ಬಾಡಿಗೆ ಮನೆಗೆ ಕರೆದೊಯ್ಯುವುದೇ, ಒಂಟಿಯಾಗಿ ಬಿಟ್ಟು ಹೋಗುವುದೇ? ದಿವಂಗತ ಪೋಪ್ ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ವಸತಿಯ ಕೊರತೆಯನ್ನೂ ನಗರ ಸಂಚಾರದ ಬವಣೆಯನ್ನೂ ಒಂದರ ಹಿಂದೊಂದು ಪ್ರಸ್ತಾಪಿಸಿದ್ದಾರೆ. ಬಡವರ ಬದುಕಿನಲ್ಲಿ ಇವೆರಡೂ ಜೊತೆಜೊತೆಗೇ ಬರುತ್ತವೆ.

ಆದ್ದರಿಂದ ಹೋಗಿ ಬರುವವರು ತಪ್ಪು ಮಾಡಿದರು, ಮನೆ ಬದಲಿಸಿದವರು ಊರನ್ನು ಮರೆತರು ಎಂದು ಯಾರೂ ಬೆರಳು ತೋರಿಸುವುದು ಬೇಡ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಲೆಕ್ಕ ಹಾಕುತ್ತಾನೆ ಎಂದು ಯೇಸುಸ್ವಾಮಿ ಕಲಿಸಿದ್ದಾರೆ. ನಾವು ರೂಪಾಯಿಯನ್ನು ಎಣಿಸುತ್ತೇವೆ, ಗಂಟೆಗಳನ್ನು ಎಣಿಸುವುದಿಲ್ಲ. ಮೈಸೂರಿಗಿಂತ ಬೆಂಗಳೂರಿನಲ್ಲಿ, ಪ್ರಯಾಣದ ಖರ್ಚು ಕಳೆದ ಮೇಲೆ, 6,000 ರೂಪಾಯಿ ಹೆಚ್ಚು ಸಿಗುತ್ತದೆ ಎಂದುಕೊಳ್ಳಿ. ಅದಕ್ಕಾಗಿ ತಿಂಗಳಿಗೆ 100 ಗಂಟೆ ಹೆಚ್ಚಾಗಿ ದಾರಿಯಲ್ಲಿ ಕಳೆದರೆ, ಗಂಟೆಗೆ ಸಿಕ್ಕಿದ್ದು 60 ರೂಪಾಯಿ. ಮಗುವಿನೊಡನೆ ಕಳೆಯಬಹುದಾದ ಒಂದು ಗಂಟೆಯನ್ನು ಈ ಬೆಲೆಗೆ ಕೊಡಲು ಮನೆಯವರಿಗೆಲ್ಲ ಒಪ್ಪಿಗೆಯೇ?

ಸಾಲ ತೀರಬೇಕು, ಮಗಳ ಓದು ಮುಗಿಯಬೇಕು ಎಂಬ ಕಾರಣಕ್ಕೆ ಕೆಲವರು ಒಪ್ಪಲೇಬೇಕಾದೀತು. ಆಗ ಅದಕ್ಕೊಂದು ಗಡುವು ಇಡಿ. ಎರಡು ವರ್ಷವೋ ಮೂರು ವರ್ಷವೋ, ಗಂಡ ಹೆಂಡತಿ ಕುಳಿತು ಮಾತಾಡಿ ತೀರ್ಮಾನಿಸಿ. ಗಡುವು ಇಲ್ಲದಿದ್ದರೆ ಸಾಲ ತೀರುವ ಹೊತ್ತಿಗೆ ಮಗುವಿನ ಬಾಲ್ಯವೂ ತೀರಿರುತ್ತದೆ. ಸ್ವಲ್ಪ ಕಡಿಮೆ ಸಂಬಳದ ಹತ್ತಿರದ ಕೆಲಸ, ಮಂಡ್ಯದಲ್ಲೋ ಮೈಸೂರಿನಲ್ಲೋ ಚಿಕ್ಕದೊಂದು ಬಾಡಿಗೆ ಮನೆ, ಇಂಥ ನಡುದಾರಿಗಳನ್ನೂ ಪ್ರಾರ್ಥನಾಪೂರ್ವಕವಾಗಿ ತೂಗಿ ನೋಡಿ. ಮಾತುಕತೆಗೆ ಮಕ್ಕಳನ್ನೂ ಅಜ್ಜ ಅಜ್ಜಿಯರನ್ನೂ ಕೂರಿಸಿಕೊಳ್ಳಿ. ಏಕೆಂದರೆ ಬೆಲೆ ತೆರುವವರು ಅವರೂ ಹೌದು.

ಧರ್ಮಕೇಂದ್ರಕ್ಕೂ ಇಲ್ಲಿ ಪಾಲಿದೆ. ಸಭೆಗಳನ್ನು, ಧರ್ಮೋಪದೇಶವನ್ನು ಕೊನೆಯ ಬಸ್ಸಿನವರಿಗೂ ಒದಗುವ ವೇಳೆಗೆ ಇಡೋಣ. ತಡವಾಗಿ ಬರುವ ತಾಯಿಯ ಮಕ್ಕಳಿಗೆ ಪಕ್ಕದ ಮನೆಯವರು ಸಂಜೆ ಒಂದು ತುತ್ತು ಹಾಕಲಿ. ಭಾನುವಾರ ಬಲಿಪೂಜೆಯಾದ ಮೇಲೆ ಫೋನು ಬದಿಗಿಟ್ಟು ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡಿ.

ನಜರೇತಿನ ಪವಿತ್ರ ಕುಟುಂಬವು ದಾರಿಯಲ್ಲಿರುವವರನ್ನು ಸುರಕ್ಷಿತವಾಗಿ ಮನೆ ಸೇರಿಸಲಿ, ಮನೆಯಲ್ಲಿ ಕಾಯುವವರಿಗೆ ತಾಳ್ಮೆಯನ್ನೂ, ತೀರ್ಮಾನ ಮಾಡಬೇಕಾದವರಿಗೆ ಸಂತ ಜೋಸೆಫರ ವಿವೇಕವನ್ನೂ ಬೇಡಿ ಕೊಡಲಿ. ಆಮೆನ್.