ಹುಲಿ ಕಂಡಿತೆ?

ಲಕ್ಕವಳ್ಳಿಯ ಕಾಡಿಗೆ ಹೋಗಿಬಂದವನನ್ನು ಕಡೂರಿನಲ್ಲಿ ಎದುರಾದವರೆಲ್ಲ ಕೇಳುವ ಪ್ರಶ್ನೆ ಒಂದೇ: “ಹುಲಿ ಕಂಡಿತೆ, ಮೇಷ್ಟ್ರೇ?” ಇಲ್ಲವೆಂದರೆ ಅವರ ಮುಖದಲ್ಲಿ ಮರುಕ ಮೂಡುತ್ತದೆ. ಆ ಪ್ರಶ್ನೆಗೆ ಇಂದು ತಮ್ಮ ಮುಂದೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕೆಂದಿದ್ದೇನೆ.

ನಮ್ಮ ಸೀಮೆ ಎರಡು ಮುಖದ್ದು. ಕಡೂರು, ಅಜ್ಜಂಪುರಗಳ ಕಡೆ ಬಯಲು. ಅಮೃತಮಹಲ್ ದನಗಳು ಮೇದ ಕಾವಲುಗಳು. ಬಾಸೂರು ಕಾವಲಿನಲ್ಲಿ ಇಂದಿಗೂ ಕೃಷ್ಣಮೃಗಗಳಿವೆ. ತರೀಕೆರೆ ದಾಟಿ ಪಶ್ಚಿಮಕ್ಕೆ ಹೊರಳಿದರೆ ತೇಗ, ಮತ್ತಿ, ಬಿದಿರು, ಮಲೆನಾಡಿನ ಹೊಸಿಲು. 1951ರಲ್ಲಿ ಜಾಗರ ಕಣಿವೆಯಲ್ಲಿ ಮೊದಲಾದ ವನ್ಯಧಾಮ 1974ರಲ್ಲಿ ಲಕ್ಕವಳ್ಳಿಯ ಕಾಡನ್ನೂ ಕೂಡಿಕೊಂಡು ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು.

ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದಾಗ ನಡುಗಡ್ಡೆಗಳು ತಲೆಯೆತ್ತುತ್ತವೆ. ಅಲ್ಲಿಗೆ ರೀವ ಹಕ್ಕಿಗಳು ಬರುತ್ತವೆ. ಕರಿಯ ನೆತ್ತಿ, ಹಳದಿ ಕೊಕ್ಕು, ಕವಲೊಡೆದ ಬಾಲ. ಗೂಡಿಲ್ಲ, ಕಡ್ಡಿಯಿಲ್ಲ; ಬರಿನೆಲದ ಮೇಲೆ ಮೊಟ್ಟೆ. ದೋಣಿ ತೀರ ಹತ್ತಿರವಾದರೆ ಹಕ್ಕಿ ಮೇಲೇಳುತ್ತದೆ; ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ನಮ್ಮ ದೋಣಿಯವನು ದೂರದಲ್ಲೇ ಎಂಜಿನ್ ನಿಲ್ಲಿಸಿದ. ನೋಡುವುದಕ್ಕೂ ಒಂದು ಮರ್ಯಾದೆಯುಂಟೆಂಬುದನ್ನು, ಪಾಠ ಹೇಳಿಯೇ ಮುಪ್ಪಾದ ನಾನು, ಅವನಿಂದ ಕಲಿತೆ.

ಮಾರನೆಯ ಬೆಳಿಗ್ಗೆ ಜೀಪಿನಲ್ಲಿ ಹೋಗುತ್ತಿರುವಾಗ ಕಾಡು ಒಮ್ಮೆಲೇ ತೆರೆದು ಹುಲ್ಲಿನ ಬಯಲು ಕಾಣಿಸಿತು. ಕಾಟಿಗಳ ಹಿಂಡು ಮೇಯುತ್ತಿತ್ತು. ನಡುವೆ ಸಾಲಾಗಿ ಮಾವು, ಹಲಸು. ಕಾಡುಮರಗಳು ಹೀಗೆ ಸಾಲು ಹಿಡಿದು ಬೆಳೆಯುವುದಿಲ್ಲವಲ್ಲ ಎಂದೆ. “ಅದು ಊರಾಗಿತ್ತು ಸಾರ್” ಎಂದ ಚಾಲಕ.

2001–02ರ ಸುಮಾರಿನಲ್ಲಿ ಈ ಕಾಡಿನೊಳಗಣ ಹಳ್ಳಿಗಳಿಂದ 400ಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಬಹಳಷ್ಟು ಮಂದಿ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದರು. ಶಾಲೆ, ಆಸ್ಪತ್ರೆಗಳು ದೂರವಾಗಿ, ಬೆಳೆಯನ್ನು ಕಾಡುಪ್ರಾಣಿಗಳಿಗೊಪ್ಪಿಸಿ ಬೇಸತ್ತವರು ಅವರು. ನೀರಾವರಿ ಭೂಮಿ ದೊರೆತು ಅನೇಕರಿಗೆ ಒಳಿತೇ ಆಯಿತು. ಇದನ್ನು ಮಾದರಿ ಪುನರ್ವಸತಿಯೆಂದು ಹೇಳುವುದುಂಟು.

ಹಿಂದಿರುಗುವಾಗ ಹಾದಿ ಬಳಸಿ ಆ ಊರಿಗೆ ಹೋದೆ. ಜಗಲಿಯ ಮೇಲಿದ್ದ ಅಜ್ಜಿಯೊಬ್ಬರಿಗೆ, ಕಾಡಿನಿಂದ ಬಂದೆನೆಂದೆ. ಅವರು ಹುಲಿಯ ಮಾತೆತ್ತಲಿಲ್ಲ.

“ನಮ್ಮ ಹಿತ್ತಿಲ ಹಲಸು ಐತಾ ಸ್ವಾಮಿ? ಈ ಸಲ ಕಾಯಿ ಬಿಟ್ಟೈತಾ?”

ಯಾವ ಹಲಸೆಂದು ತಿಳಿಯದೆಯೇ “ಬಿಟ್ಟಿದೆಯಮ್ಮ” ಎಂದುಬಿಟ್ಟೆ.

“ಇಲ್ಲಿ ಸುಖವಾಗೇ ಇದೀವಿ. ಮೊಮ್ಮಗಳು ಕಾಲೇಜಿಗೆ ಹೋಗ್ತಾಳೆ. ಆದ್ರೂ ಮರಾನ ಹೊತ್ಕೊಂಡು ಬರಕಾಗಲ್ವಲ್ಲ” ಎಂದರು.

ನೀರು ಸರಿದರೆ ರೀವಕ್ಕೆ ನೆಲೆ. ಮನುಷ್ಯ ಸರಿದರೆ ಹುಲಿಗೆ ನೆಲೆ. ಆದರೆ ನೀರಿಗೆ ನೆನಪಿಲ್ಲ, ಮನುಷ್ಯನಿಗೆ ಉಂಟು. ಹುಲಿಯ ಉಳಿವನ್ನು ಕೊಂಡಾಡುವ ನಾವು, ಅದಕ್ಕೆ ಬೆಲೆ ತೆತ್ತವರನ್ನು ಎಣಿಕೆಗೆ ತರುವುದಿಲ್ಲ.

ಹುಲಿ ನನಗೆ ಕಾಣಲಿಲ್ಲ. ಅದಕ್ಕಾಗಿ ತೆರವಾದ ಅಂಗಳ ಕಂಡಿತು. ತಾವೂ ಅಲ್ಲಿಗೆ ಹೋಗಿ. ಸಾಲುಮಾವು ಕಂಡಲ್ಲಿ ಒಂದು ಗಳಿಗೆ ಮಾತು ನಿಲ್ಲಿಸಿ. ಅದು ಯಾರದೋ ಹಿತ್ತಿಲು. 

(ಬಾನುಲಿ ಭಾಷಣ)